ಪ್ರಭಾರ

ಅಡ್ಡಹೆಸರಿನಲ್ಲೇ ನಾಯಕ ನಾನು, ಅಂಕೋಲೆ ಕಡೆಯವ.
ಎರಡು ವರ್ಷ ಏಳು ತಿಂಗಳು
ಕಾಳಿಯ ಅಳಿವೆ ದಂಡೆಯ ಈ ಶಾಲೆಗೆ ಪ್ರಭಾರಿ ಹೆಡ್‌ಮಾಸ್ತರು.
ಬೀಗದ ಕೈಗಳೆಲ್ಲ ನನ್ನ ಸೊಂಟದಲ್ಲಿದ್ದವು,
ಪುಸ್ತಕದ ಕಪಾಟಿನದು, ಆಟದ ಸಾಮಾನಿನದು, ಅಕ್ಕಿ ಕೋಣೆಯದು.
ನಡೆದರೆ ಸದ್ದು.
ಆ ಸದ್ದಿಗೇ ಮಕ್ಕಳು ಸುಮ್ಮನಾಗುತ್ತಿದ್ದರು,
ಅದನ್ನೇ ಶಿಸ್ತು ಎಂದು ವರದಿಯಲ್ಲಿ ಬರೆಯುತ್ತಿದ್ದೆ.

ಆಮೇಲೆ ಬಂದರು ನಿಂಬವ್ವ ಕಮ್ಮಾರ,
ಮುಂಡಗೋಡದಾಚೆಯ ಹೊಲಸೀಮೆಯವರು,
ಸಮುದ್ರ ಕಂಡರೆ ಸೆರಗು ಬಿಗಿ ಹಿಡಿಯುವ ಹೆಂಗಸು.
'ಇದು ಯಾವಾಗ ಏರತದ, ಯಾವಾಗ ಇಳೀತದರಿ?'
ಬಿಸಿಯೂಟದ ಗುಲಾಬಿಬಾಯಿಯನ್ನು ಕೇಳಿದರು,
ದೋಣಿಯ ವಿಠೋಬನನ್ನು ಕೇಳಿದರು,
ಮೂಗು ಸೋರುವ ಎರಡನೇ ಕ್ಲಾಸಿನವನನ್ನೂ ಬಿಡಲಿಲ್ಲ.
ನನ್ನನ್ನು ಕೇಳಿದಾಗ ನಕ್ಕೆ.
ಹೆಡ್ ಅಕ್ಕೋರಿಗೆ ಇಷ್ಟೂ ಗೊತ್ತಿಲ್ಲ ಎಂದು
ಕೋಡಿಬಾಗದ ಚಾದಂಗಡಿಯಲ್ಲಿ ಹೇಳಿಕೊಂಡು ಬಂದೆ.

ಒಂದು ತಿಂಗಳು ಏನನ್ನೂ ಬದಲಿಸಲಿಲ್ಲ ಅವರು.
ಹಾಜರಿ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ ಇಟ್ಟು
ಯಾರು ತಡ, ಎಷ್ಟು ತಡ, ಆಗ ನೀರು ಎಲ್ಲಿತ್ತು
ಎಂದು ಬರೆಯುತ್ತ ಹೋದರು.
ನಾನು ಬೆತ್ತದಲ್ಲಿ ತಿದ್ದಲು ನೋಡಿದ್ದ ಹನ್ನೊಂದು ಮಕ್ಕಳ ಸೋಮಾರಿತನ
ಆ ಪುಸ್ತಕದಲ್ಲಿ, ಇಲ್ಲಿಯವರು ಸುಕ್ತಿ ಅನ್ನುವ
ಇಳಿತದ ಹೊತ್ತಾಗಿ ಕಾಣಿಸಿಕೊಂಡಿತು:
ನೀರಿಳಿದರೆ ದೋಣಿ ಕೆಸರಿಗೆ ಕೂರುತ್ತದೆ,
ಮಕ್ಕಳು ಸುತ್ತುಬಳಸಿ ನಡೆದು ಬರುತ್ತಾರೆ.
ಅಷ್ಟೇ.

ಎಸ್‌ಡಿಎಂಸಿ ಸಭೆಯಲ್ಲಿ ವಿಠೋಬನಿಗೆ ಕುರ್ಚಿ ಹಾಕಿಸಿದರು.
ಸುಕ್ತಿಯ ದಿನ ಮೊದಲ ಅವಧಿ ಕತೆ ಓದುವುದಕ್ಕೆಂದು ಗೊತ್ತಾಯಿತು,
ಯಾವಾಗ ಬಂದರೂ ನಡುವೆ ಸೇರಿಕೊಳ್ಳಬಹುದು.
ಕಪಾಟಿನ ಬೀಗ ಎಲ್ಲಿ ಹೋಯಿತೋ.
ನನ್ನ ಸೊಂಟ ಹಗುರಾಯಿತು,
ಸಿಟ್ಟು ಆಗಲಿಲ್ಲ.

ಒಂದು ಗುರುವಾರ ನನ್ನ ಐದನೇ ತರಗತಿಗೆ ಬಂದು
ಹಿಂದಿನ ಬೆಂಚಿನಲ್ಲಿ, ಪ್ರಣಾಲಿ ಬಾನಾವಳಿಕರಳ ಪಕ್ಕ
ಮೊಣಕಾಲು ಮಡಚಿ, ಮಗುವಿನಷ್ಟೇ ಜಾಗದಲ್ಲಿ ಕೂತರು.
ಪಾಠ ಮುಗಿದ ಮೇಲೆ ಕೈಗೊಂದು ಚೀಟಿ.
ಹೊಗಳಿಕೆ ಇರಲಿಲ್ಲ, ಬೈಗುಳವೂ.
'ನಾಯಕ ಸರ್, ಇವತ್ತ ಹದಿನೇಳು ಪ್ರಶ್ನೆ ಕೇಳಿದ್ರಿ.
ಹದಿನೈದಕ್ಕ ನೀವೇ ಉತ್ತರ ಹೇಳಿದ್ರಿ.
ಉಳಿದೆರಡಕ್ಕ ಗಂಟಿ ಹೊಡೀತು.'

ಆ ರಾತ್ರಿ ನಿದ್ದೆ ಹತ್ತಲಿಲ್ಲ.
ಇಪ್ಪತ್ತೆರಡು ವರ್ಷದ ಸರ್ವಿಸು; ಮನಸ್ಸಿನಲ್ಲೇ ಗುಣಿಸಿದೆ.
ಎಷ್ಟು ಸಾವಿರ ಉತ್ತರ
ಮಕ್ಕಳ ಬಾಯಿಂದ ಕಸಿದು ತಿಂದಿರಬೇಕು ನಾನು,
ತಿಂದು, ಚೆನ್ನಾಗಿ ಕಲಿಸಿದೆ ಎಂದು ತೇಗಿರಬೇಕು.

ಎಲ್ಲವೂ ಸರಿಹೋಯಿತು ಎಂದಲ್ಲ.
ರೋಶನ್ ಸಾರಂಗ ಏಳರಲ್ಲೇ ಬಿಟ್ಟು ಬೋಟು ಹತ್ತಿದ.
ಅಕ್ಕೋರು ಬೈತಕೋಲದ ಧಕ್ಕೆಯ ತನಕ ಹೋಗಿ
ಬರಿಗೈಲಿ ಮರಳಿ, ಅಡುಗೆಕೋಣೆಯ ಮೆಟ್ಟಿಲಲ್ಲಿ
ಗುಲಾಬಿಬಾಯಿಯ ಜೊತೆ ಬೆಳ್ಳುಳ್ಳಿ ಸುಲಿಯುತ್ತ ಕೂತರು.
ಗಣಿತದ ಅಂಕ ಏರಿದ್ದು ಕೂದಲೆಳೆಯಷ್ಟು.
ಸಾಧನೆಯ ಫೋಟೋ ಎಲ್ಲಿ ಎಂದು ಮೇಲಿನವರು ಕೇಳಿದರೆ
ತಡದ ಪುಸ್ತಕ ತೋರಿಸಿದರು; ಕೊನೆಯ ಪುಟಗಳು ಖಾಲಿ.
ಖಾಲಿ ಪುಟವನ್ನು ಯಾರು ಅಂಟಿಸಿಕೊಳ್ಳುತ್ತಾರೆ ಫೈಲಿಗೆ?

ಈ ಸಲ ಅವರಿಗೆ ವರ್ಗ. ಮತ್ತೆ ನಾನೇ ಪ್ರಭಾರಿ.
ಗೊಂಚಲು ಕೊಡುವಾಗ ಅಂದರು,
'ಸೊಂಟಕ್ಕ ಬ್ಯಾಡ್ರಿ. ಮೊಳಿಗೆ ಹಾಕ್ರಿ.
ಮಕ್ಕಳಿಗೂ ಎಟಕುವಂಗ.'

ಇವತ್ತು ಐದನೇ ತರಗತಿ. ಕಿಟಕಿಯಾಚೆ ಕಾಳಿ ತುಂಬುತ್ತಿದೆ.
ಸಮುದ್ರ ಯಾಕೆ ನದಿಯೊಳಗೆ ಬರುತ್ತದೆ? ಕೇಳಿದೆ.
ಉತ್ತರ ಹಲ್ಲಿನ ಹಿಂದೆ ಬಂದು ನಿಂತಿತು, ಹಳೇ ಚಟ.
ನುಂಗಿದೆ.
ಒಂದು. ಎರಡು.
ಫ್ಯಾನು ತಿರುಗುವ ಸದ್ದು. ಮೂರು.
ಪ್ರಣಾಲಿ ಕೂರುತ್ತಿದ್ದ ಜಾಗದಲ್ಲಿ ಈಗ ಅವಳ ತಮ್ಮ,
ಉಗುರು ಕಚ್ಚುತ್ತ ನೀರನ್ನೇ ನೋಡುತ್ತಿದ್ದಾನೆ.
ನಾಲ್ಕು.
ತುಟಿ ಕೊಂಕಣಿಯಲ್ಲಿ ಅಲುಗುತ್ತಿದೆ,
ಇನ್ನೂ ಮಾತಾಗಿಲ್ಲ.

ಇರಲಿ.
ಭರತಿಗೆ ಇನ್ನೂ ಹೊತ್ತಿದೆ.